ಆರ್‌ವಿಯಲ್ಲಿ ಹೋಗಿ, ದೋಣಿಯಿಂದ ಹಿಮನದಿ ನೋಡಿದ್ದು

ಅಲಾಸ್ಕಾದ ಹಿಮನದಿ ನೋಡಲು ಬಹಳ ಜನ ದೊಡ್ಡ ಕ್ರೂಸ್ ಹಡಗು ಹತ್ತುತ್ತಾರೆ. ನಾನೂ ನನ್ನವರೂ ಅಲ್ಲಿನ ಆಂಕರೇಜ್ ನಗರದಲ್ಲಿ ಆರ್‌ವಿ, ಅಂದರೆ ಮನೆಯಂತೆ ವಾಸಿಸಬಹುದಾದ ವಾಹನ, ಬಾಡಿಗೆಗೆ ತೆಗೆದುಕೊಂಡೆವು. ಅಲ್ಲಿನ ಹವೆಯನ್ನು ನಂಬುವ ಹಾಗಿಲ್ಲ. ಅಡುಗೆಮನೆ, ಹಾಸಿಗೆ ಎರಡೂ ಜೊತೆಗಿದ್ದರೆ ಸಮುದ್ರ ಶಾಂತವಾಗುವ ತನಕ ಬಂದರಿನ ಪಕ್ಕದಲ್ಲೇ ಕಾಯಬಹುದು.

ಆಂಕರೇಜ್‌ನಿಂದ ದೋಣಿ ಹೊರಡುವ ಸೂವರ್ಡ್ ಊರಿಗೆ ಸುಮಾರು 200 ಕಿ.ಮೀ. ಮೊದಮೊದಲು ಒಂದು ಕಡೆ ಟರ್ನಗೇನ್ ಕೊಲ್ಲಿ, ಇನ್ನೊಂದು ಕಡೆ ಬೆಟ್ಟ. ಹಿಂದೆ ಐದು ವಾಹನ ಸೇರಿದರೆ ಬದಿಗೆ ಸರಿದು ದಾರಿ ಬಿಡಬೇಕೆಂಬುದು ಅಲ್ಲಿನ ಕಾನೂನು. ಆರ್‌ವಿ ಓಡಿಸುವವರಿಗೆ ಇದು ಮೇಲಿಂದ ಮೇಲೆ ಬರುವ ಕೆಲಸ. ಪೋರ್ಟೇಜ್ ಹತ್ತಿರ ಬೂದು ಬಣ್ಣದ ಒಣಮರಗಳು ನಿಂತಿವೆ. 1964ರ ಭೂಕಂಪದಲ್ಲಿ ನೆಲ ಕುಸಿದು, ಉಪ್ಪುನೀರು ನುಗ್ಗಿ ಸತ್ತ ಮರಗಳವು.

ಅಡುಗೆಗೆ ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಒಯ್ದಿದ್ದೆ. ಆರ್‌ವಿಯಲ್ಲಿ ಪಾತ್ರೆ ತೊಳೆದ ನೀರಿನ ಟ್ಯಾಂಕ್ ಬೇಗ ತುಂಬುತ್ತದೆ. ಪಾತ್ರೆಯನ್ನು ಮೊದಲು ಪೇಪರಿನಿಂದ ಒರೆಸಿ ಆಮೇಲೆ ತೊಳೆಯಿರಿ.

ಸೂವರ್ಡ್‌ನಲ್ಲಿ ಕಡಲ ದಂಡೆಯಲ್ಲೇ ಆರ್‌ವಿ ನಿಲ್ಲಿಸಿದೆವು. ಬೆಳಿಗ್ಗೆ ನಡೆದೇ ದೋಣಿಗೆ ಹೋದೆವು. ಅರ್ಧ ದಿನದ ಸಣ್ಣ ಪ್ರವಾಸಗಳು ಸೂವರ್ಡ್ ಎದುರಿನ ಕೊಲ್ಲಿಯೊಳಗೇ ಸುತ್ತಿಸಿ ವಾಪಸು ತರುತ್ತವೆ. ಹಿಮನದಿಯ ಬುಡಕ್ಕೆ ಹೋಗಬೇಕೆಂದರೆ ಆರು ತಾಸಿನ ಅಥವಾ ಅದಕ್ಕಿಂತ ಉದ್ದದ ಪ್ರವಾಸವೇ ಬೇಕು. ಇದರಲ್ಲಿ ದುಡ್ಡು ಉಳಿಸಲು ಹೋಗಬೇಡಿ. ಕೊಲ್ಲಿ ದಾಟಿದ ಮೇಲೆ ತೆರೆದ ಸಮುದ್ರದಲ್ಲಿ ದೋಣಿ ಚೆನ್ನಾಗಿ ಓಲಾಡುತ್ತದೆ. ವಾಂತಿ ತಡೆಯುವ ಮಾತ್ರೆಯನ್ನು ಹತ್ತುವ ಮೊದಲೇ ನುಂಗಬೇಕು.

ಐಯಾಲಿಕ್ ಹಿಮನದಿಯ ಎದುರು ಕ್ಯಾಪ್ಟನ್ ಇಂಜಿನ್ ನಿಲ್ಲಿಸಿದರು. ಸುತ್ತ ತೇಲುತ್ತಿದ್ದ ಮಂಜುಗಡ್ಡೆಗಳಿಂದ ಒಗ್ಗರಣೆಗೆ ಹಾಕಿದ ಸಾಸಿವೆಯಂತೆ ಚಟಪಟ ಸದ್ದು! ಎಷ್ಟೋ ಕಾಲದಿಂದ ಒಳಗೆ ಅದುಮಿಟ್ಟಿದ್ದ ಗಾಳಿಗುಳ್ಳೆಗಳು ಗಡ್ಡೆ ಕರಗುವಾಗ ಸಿಡಿಯುವುದಂತೆ. ಒಂದು ಗಡ್ಡೆಯ ಮೇಲೆ ಸೀಲ್ ತನ್ನ ಮರಿಯೊಂದಿಗೆ ಮಲಗಿತ್ತು. ಅಷ್ಟರಲ್ಲಿ ನೀಲಿ ಗೋಡೆಯ ಒಂದು ತುಂಡು ಜಾರಿತು. ಕಣ್ಣಿಗೆ ಕಂಡು ಒಂದೆರಡು ಕ್ಷಣವಾದ ಮೇಲೆ ಗುಡುಗು ಕೇಳಿಸಿತು. ಅದಾದ ಮೇಲೆ ಅಲೆ ಬಂದು ದೋಣಿಯನ್ನು ಎತ್ತಿ ಇಳಿಸಿತು. ಇವರು ಕ್ಯಾಮೆರಾ ಕೆಳಗಿಟ್ಟು ಸುಮ್ಮನೆ ನೋಡುತ್ತ ನಿಂತರು. ನೀವೂ ಸ್ವಲ್ಪ ಹೊತ್ತು ಹಾಗೆ ನಿಲ್ಲಿ.

ಕಡಲಿಗಿಳಿಯುವ ಹಿಮನದಿಯ ತುದಿ ಕಳಚಿ ಬೀಳುವುದು ಅದರ ಸಹಜ ನಡೆ. ನನಗೆ ಸಂಕಟವಾದದ್ದು ಮರುದಿನ, ಎಕ್ಸಿಟ್ ಹಿಮನದಿಯ ಹತ್ತಿರ. ಅದು ಹಿಂದೆ ಎಲ್ಲಿಯವರೆಗೆ ಇತ್ತೆಂದು ದಾರಿಯುದ್ದಕ್ಕೂ ಇಸವಿಯ ಹಲಗೆ ನೆಟ್ಟಿದ್ದಾರೆ. 2010ರ ಹಲಗೆಯ ಪಕ್ಕ ನಿಂತು ನೋಡಿದರೂ ಹಿಮ ದೂರದಲ್ಲಿದೆ. ಸೂವರ್ಡ್‌ಗೆ ಹೋದವರು ದೋಣಿ ಪ್ರವಾಸದ ಜೊತೆಗೆ ಇದನ್ನೂ ತಪ್ಪದೆ ನೋಡಬೇಕು. ಟಿಕೆಟ್ ಇಲ್ಲ, ಆರ್‌ವಿ ಹೋಗುವ ಡಾಂಬರು ರಸ್ತೆಯಿದೆ. ಬೆಳಿಗ್ಗೆ ಬೇಗ ಹೋದರೆ ನಿಲ್ಲಿಸಲು ಜಾಗ ಸಿಗುತ್ತದೆ.