ತೊಡೆ ಮೇಲಿನ ಗೆರೆ ಮತ್ತು ಒಂದು ಟ್ಯೂಬ್ ಕ್ರೀಮು

ನಮ್ಮದು ಶಿಡ್ಲಘಟ್ಟ. ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿ ಆರು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಗೂಡು ಬೇಯುವ ಬಿಸಿನೀರಿನ ಮುಂದೆ ದಿನವಿಡೀ ಕೂತರೆ ಬಟ್ಟೆ ಒಣಗುವುದೇ ಇಲ್ಲ. ತೊಡೆ ಸಂದಿಯಲ್ಲಿ ಹುಳುಕಡ್ಡಿ ಬಂತು. ನಾಚಿಕೆಗೆ ಯಾರಿಗೂ ಹೇಳಲಿಲ್ಲ. ಮೆಡಿಕಲ್ ಶಾಪಿಗೆ ಹೋಗಿ "ತುರಿಕೆಗೆ ಏನಾದ್ರೂ ಕೊಡಿ" ಅಂದೆ. ಒಂದು ಟ್ಯೂಬ್ ಕೊಟ್ಟರು. ಎರಡೇ ದಿನಕ್ಕೆ ತುರಿಕೆ ನಿಂತಿತು. ಬಿಟ್ಟರೆ ಮತ್ತೆ ಶುರು, ಹಚ್ಚಿದರೆ ಮಾಯ. ಹೀಗೇ ಐದು ತಿಂಗಳು ಹಚ್ಚಿದೆ.

ಒಂದು ದಿನ ಸ್ನಾನ ಮಾಡುವಾಗ ಕೈಗೆ ತಗ್ಗು ಸಿಕ್ಕಿತು. ಬಗ್ಗಿ ನೋಡಿದರೆ ಎರಡೂ ತೊಡೆಯ ಒಳಗೆ ನೇರಳೆ ಬಣ್ಣದ ಗೆರೆಗಳು. ಒಂದೊಂದೂ ಕಿರುಬೆರಳಿನ ಅಗಲ. ಮುಟ್ಟಿದರೆ ಚರ್ಮ ತೀರಾ ತೆಳು, ನೂಲೆಲ್ಲಾ ಬಿಚ್ಚಿದ ಮೇಲೆ ಹುಳದ ಸುತ್ತ ಉಳಿಯುವ ಪೊರೆಯ ಹಾಗೆ.

ಅಮ್ಮನಿಗೆ ತೋರಿಸಿದೆ. ಅವಳ ಹೊಟ್ಟೆ ಮೇಲೂ ಇಂಥ ಗೆರೆ ಇವೆ, ನಾನು ಹುಟ್ಟುವಾಗ ಆದದ್ದು. "ಮದ್ವೆ ಆಗದ ಹುಡುಗಿಗೆ ಇದು ಹೆಂಗೆ ಬಂತೇ?" ಅಂದಳು. ಆ ರಾತ್ರಿ ಇಬ್ಬರೂ ಸರಿಯಾಗಿ ಊಟ ಮಾಡಲಿಲ್ಲ.

ಚಿಕ್ಕಬಳ್ಳಾಪುರದ ಚರ್ಮದ ಡಾಕ್ಟರ್ ಹತ್ತಿರ ಹೋದೆವು. ಅವರು ಮೊದಲು ಕೇಳಿದ್ದೇ ಆ ಟ್ಯೂಬ್. ಸಣ್ಣ ಅಕ್ಷರದಲ್ಲಿ ಕ್ಲೋಬೆಟಾಸಾಲ್ ಅಂತ ಇತ್ತು. ಅದು ಜೋರಾದ ಸ್ಟೀರಾಯ್ಡ್. ತುರಿಕೆ ಅಡಗಿಸುತ್ತೆ, ಹುಳುಕಡ್ಡಿಯ ಶಿಲೀಂಧ್ರವನ್ನು ಸಾಯಿಸಲ್ಲ. ಚರ್ಮದ ಒಳಪದರಕ್ಕೆ ಬಲ ಕೊಡುವುದು ಕೊಲಾಜೆನ್ ಎಂಬ ನಾರು. ಸ್ಟೀರಾಯ್ಡ್ ಆ ನಾರು ಹುಟ್ಟುವುದನ್ನೇ ತಡೆಯುತ್ತೆ. ಚರ್ಮ ತೆಳುವಾಗಿ ಒಳಗೊಳಗೇ ಹರಿಯುತ್ತೆ. ತೊಡೆ ಸಂದಿ, ಕಂಕುಳಲ್ಲಿ ಬೆವರಿರುತ್ತೆ, ಚರ್ಮಕ್ಕೆ ಚರ್ಮ ಅಂಟಿರುತ್ತೆ. ಹಾಗಾಗಿ ಅಲ್ಲಿ ಔಷಧಿ ಜಾಸ್ತಿ ಇಳಿಯುತ್ತೆ.

ಅಮ್ಮನ ಕಡೆ ತಿರುಗಿ ಅವರು ಹೇಳಿದ ಮಾತಿಗೆ ನಾನು ಇವತ್ತಿಗೂ ಋಣಿ: "ನೋಡಮ್ಮ, ಇದು ಬಸುರಿಗೆ ಮಾತ್ರ ಬರೋದಲ್ಲ. ದಿಢೀರ್ ಎತ್ತರ ಆಗೋ ಹುಡುಗರಿಗೂ ಬೆನ್ನ ಮೇಲೆ ಬರುತ್ತೆ. ಬೇಗ ದಪ್ಪ ಆದವರಿಗೂ ಬರುತ್ತೆ."

2018ರಿಂದ ಇಂಥ ಸ್ಟೀರಾಯ್ಡ್ ಕ್ರೀಮುಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರುವ ಹಾಗಿಲ್ಲವಂತೆ. ನನ್ನ ಹತ್ತಿರ ಯಾರೂ ಚೀಟಿ ಕೇಳಿರಲಿಲ್ಲ. ಟ್ಯೂಬಿನ ಮೇಲೆ ಕ್ಲೋಬೆಟಾಸಾಲ್, ಬೀಟಾಮೆಥಾಸೋನ್, ಮೊಮೆಟಾಸೋನ್ ಅಂತ ಕಂಡರೆ ದಯವಿಟ್ಟು ಸುಮ್ನೆ ಹಚ್ಚಬೇಡಿ.

ಕ್ರೀಮು ಬಿಟ್ಟ ಮೇಲೆ ಹುಳುಕಡ್ಡಿ ಕೆರಳಿತು. ಡಾಕ್ಟರ್ ಮೊದಲೇ ಎಚ್ಚರಿಸಿದ್ದರು, ಇಲ್ಲದಿದ್ದರೆ ನಾನು ಮತ್ತೆ ಅದೇ ಟ್ಯೂಬಿಗೆ ಕೈ ಹಾಕುತ್ತಿದ್ದೆ. ಇಟ್ರಾಕೊನಜೋಲ್ ಮಾತ್ರೆ ಬರೆದುಕೊಟ್ಟಿದ್ದರು, ಅವರು ಹೇಳಿದಷ್ಟು ವಾರ ನುಂಗಿದೆ. ಮಧ್ಯಾಹ್ನ ಒಣ ಬಟ್ಟೆ ಬದಲಾಯಿಸುವುದನ್ನು ರೂಢಿ ಮಾಡಿಕೊಂಡೆ.

ಗೆರೆಯ ಸರದಿ ಅದಾದ ಮೇಲೆ ಬಂತು. ಗೆರೆ ಕೆಂಪು, ನೇರಳೆ ಇರುವಾಗ ಔಷಧಿ ಒಂದಿಷ್ಟು ಹಿಡಿಯುತ್ತೆ, ಬೆಳ್ಳಗಾದ ಮೇಲೆ ಕಷ್ಟ ಎಂದರು. ಟ್ರೆಟಿನಾಯಿನ್ ಕ್ರೀಮು ಬರೆದರು. ವಾರಕ್ಕೆ ಎರಡೇ ರಾತ್ರಿ, ತೀರಾ ತೆಳುವಾಗಿ. ಬಸುರಿಯರು, ಮಗುವಿಗೆ ಪ್ರಯತ್ನಿಸುತ್ತಿರುವವರು ಇದನ್ನು ಹಚ್ಚಬಾರದು. ಮೊದಲ ತಿಂಗಳು ಉರಿ, ಸಿಪ್ಪೆ. ಉರಿ ತಡೆಯದಿದ್ದರೆ ಒಂದು ವಾರ ಬಿಡುತ್ತಿದ್ದೆ. ಲೇಸರ್ ಬಗ್ಗೆಯೂ ಕೇಳಿದೆ. ಖರ್ಚು ಜಾಸ್ತಿ, ನಮ್ಮಂಥ ಕಂದು ಚರ್ಮಕ್ಕೆ ಕಪ್ಪು ಕಲೆ ಉಳಿಯುವ ಭಯವೂ ಇದೆ ಎಂದರು. ಬೇಡ ಅಂದುಕೊಂಡೆ. ಚಿಕ್ಕಮ್ಮ ಕೊಬ್ಬರಿ ಎಣ್ಣೆ, ಲೋಳೆಸರ ತಂದುಕೊಟ್ಟಿದ್ದಳು. ಎಣ್ಣೆ ಒಣ ಚರ್ಮ ಮೆತ್ತಗೆ ಮಾಡುತ್ತೆ, ಗೆರೆ ಅಳಿಸಲ್ಲ. ಬೆವರುವ ಸಂದಿಗಂತೂ ಬೇಡವೇ ಬೇಡ.

ಕಣ್ಣಳತೆ ನಂಬಲಿಲ್ಲ. ಪ್ರತಿ ತಿಂಗಳು ಮೊದಲ ಭಾನುವಾರ ಒಂದು ಎಳೆ ನೂಲನ್ನು ಗೆರೆಗೆ ಅಡ್ಡ ಹಿಡಿದು, ಅಗಲಕ್ಕೆ ಸರಿಯಾಗಿ ಕತ್ತರಿಸಿ, ಕ್ಯಾಲೆಂಡರಿಗೆ ಅಂಟಿಸುತ್ತಿದ್ದೆ. ಹದಿನಾಲ್ಕು ತುಂಡುಗಳಾದವು. ಮೊದಲನೆಯದಕ್ಕೂ ಕೊನೆಯದಕ್ಕೂ ಅಂಥ ವ್ಯತ್ಯಾಸವಿಲ್ಲ. ಬಣ್ಣ ಮಾತ್ರ ಇಳಿದಿದೆ. ಔಷಧಿ ಹಚ್ಚದೆಯೂ ಒಂದಷ್ಟು ಇಳಿಯುತ್ತಿತ್ತೇನೋ, ಕಾಲ ಕಳೆದರೆ ಇಳಿಯುತ್ತೆ. ಈಗ ದೀಪದ ಬೆಳಕಲ್ಲಿ ಕಾಣುವುದಿಲ್ಲ, ಬೆರಳಾಡಿಸಿದರೆ ತಗ್ಗು ಗೊತ್ತಾಗುತ್ತೆ.

ಹೋದ ವಾರ ನನ್ನ ಪಕ್ಕ ಕೂರುವ ಹುಡುಗಿ "ಅಕ್ಕಾ, ಇಲ್ಲೆಲ್ಲಾ ತುರಿಕೆ, ಆಗ ನೀನು ಹಚ್ತಿದ್ದ ಟ್ಯೂಬ್ ಯಾವ್ದು?" ಎಂದು ಮೆಲ್ಲಗೆ ಕೇಳಿದಳು. ಅವಳನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ ನನ್ನ ಗೆರೆ ತೋರಿಸಿದೆ. ಸೋಮವಾರ ಇಬ್ಬರೂ ರಜೆ ಹಾಕಿ ಚಿಕ್ಕಬಳ್ಳಾಪುರದ ಬಸ್ಸು ಹತ್ತುತ್ತಿದ್ದೇವೆ.