ರಾತ್ರಿ ಮೀನಖಂಡ ಹಿಡಿದುಕೊಂಡರೆ ನಾನು ಮಾಡುವುದು

ಡಿಸೆಂಬರಿನಲ್ಲಿ ನಾಲ್ಕುನಾಡು ಅರಮನೆ ಕಡೆಯಿಂದ ತಡಿಯಂಡಮೋಳ್ ಹತ್ತಿದೆವು. 1748 ಮೀಟರ್ ಎತ್ತರದ ಬೆಟ್ಟ, ನನಗೆ 58 ವರ್ಷ. ಏದುಸಿರು ಬಂತೇ ಹೊರತು ಕಾಲಿಗೆ ಏನೂ ಆಗಲಿಲ್ಲ. ಮಡಿಕೇರಿಗೆ ಬಂದು ಬಿಸಿನೀರು ಸ್ನಾನ ಮಾಡಿ, ಉಂಡು ಮಲಗಿದೆ. ರಾತ್ರಿ ಎರಡು ಗಂಟೆಗೆ ಬಲಗಾಲಿನ ಮೀನಖಂಡ ಹಿಡಿದುಕೊಂಡಿತು ನೋಡಿ, ಕೈಯಿಟ್ಟರೆ ಕಲ್ಲು! ಪಾದ ತಾನಾಗಿಯೇ ಕೆಳಕ್ಕೆ ಬಾಗಿ ಬೆರಳುಗಳು ಮುರುಟಿಕೊಂಡಿದ್ದವು. ಹೆಂಡತಿ ಎದ್ದು ಲೈಟ್ ಹಾಕಿ, ಗಾಬರಿಯಲ್ಲಿ ಆ ಗಂಟನ್ನೇ ಗಟ್ಟಿಯಾಗಿ ಹಿಂಡಿದಳು. ನೋವು ಇನ್ನೂ ಜಾಸ್ತಿ ಆಯಿತು. ಆ ವಾರ ಮೂರು ರಾತ್ರಿ ಇದೇ ಕಥೆ.

ಈಗ ಹಿಡಿದ ತಕ್ಷಣ ಮಂಡಿ ನೆಟ್ಟಗೆ ಇಟ್ಟು ಕಾಲ್ಬೆರಳುಗಳನ್ನು ನನ್ನ ಕಡೆಗೆ ಎಳೆದುಕೊಳ್ಳುತ್ತೇನೆ. ಕೈಗೆ ಎಟುಕದಿದ್ದರೆ ಪಾದದ ಕೆಳಗೆ ಟವೆಲ್ ಹಾಕಿ, ಎರಡೂ ತುದಿ ಹಿಡಿದು ನಿಧಾನವಾಗಿ ಎಳೆಯುತ್ತೇನೆ. ಜಗ್ಗಬಾರದು. ಸುಮ್ನೆ ಹಿಡಿದುಕೊಂಡಿದ್ದರೆ ಗಂಟು ಮೆಲ್ಲಗೆ ಕರಗುವುದು ಗೊತ್ತಾಗುತ್ತದೆ. ಆಮೇಲೆ ಎದ್ದು ನಾಲ್ಕು ಹೆಜ್ಜೆ ಹಾಕಿ, ಅಂಗೈಯಿಂದ ಮೆತ್ತಗೆ ತಿಕ್ಕಿಕೊಳ್ಳುತ್ತೇನೆ.

ಮಲಗುವ ಮೊದಲಿನ ಕೆಲಸ ಇದಕ್ಕಿಂತ ಮುಖ್ಯ. ಗೋಡೆಗೆ ಎರಡೂ ಕೈ ಒತ್ತಿ, ಒಂದು ಕಾಲು ಹಿಂದಿಟ್ಟು, ಹಿಮ್ಮಡಿ ನೆಲ ಬಿಡದ ಹಾಗೆ ಮುಂದಕ್ಕೆ ವಾಲಬೇಕು. ಹತ್ತು ಸೆಕೆಂಡು, ಮೂರು ಸಲ, ಎರಡೂ ಕಾಲಿಗೆ. ತೊಡೆಯ ಹಿಂಭಾಗಕ್ಕೂ ಇಷ್ಟೇ ಹೊತ್ತು, ಇಷ್ಟೇ ಸಲ ಎಳೆತ ಕೊಡಬೇಕು. ನೆದರ್‌ಲ್ಯಾಂಡ್ಸ್‌ನಲ್ಲಿ 55 ದಾಟಿದವರಿಗೆ ಆರು ವಾರ ಇದನ್ನೇ ಮಾಡಿಸಿ ನೋಡಿದ್ದರು, 2012ರಲ್ಲಿ ಪ್ರಕಟವಾಯಿತು. ಅವರಿಗೆ ಸೆಳೆತ ಕಡಿಮೆಯಾಗಿತ್ತು, ನನಗೂ ಆಯಿತು.

ಇನ್ನೊಂದು, ನಮ್ಮೂರಿನ ಚಳಿಗೆ ಸೇರಿದ್ದು. ಎರಡು ಕಂಬಳಿ ಹೊದ್ದು, ತುದಿಯನ್ನು ಹಾಸಿಗೆ ಅಡಿಗೆ ಸಿಕ್ಕಿಸಿ ಮಲಗುತ್ತಿದ್ದೆ. ಆ ಭಾರ ರಾತ್ರಿಯಿಡೀ ಬೆರಳುಗಳನ್ನು ಕೆಳಕ್ಕೆ ಒತ್ತುತ್ತಿತ್ತು. ಪಾದ ಕೆಳಕ್ಕೆ ಬಾಗಿದರೆ ಮೀನಖಂಡ ಮೊದಲೇ ಕುಗ್ಗಿಕೊಂಡಿರುತ್ತದೆ ಅಲ್ವಾ! ಈಗ ಕಾಲ ಕಡೆ ಕಂಬಳಿ ಸಡಿಲ ಬಿಟ್ಟು, ಕಾಲುಚೀಲ ಹಾಕಿಕೊಳ್ಳುತ್ತೇನೆ.

ಮೆಗ್ನೀಸಿಯಂ ಮಾತ್ರೆ ಒಂದು ತಿಂಗಳು ನುಂಗಿದೆ, ಏನೂ ವ್ಯತ್ಯಾಸ ಕಾಣಲಿಲ್ಲ. ಮಲೇರಿಯಾಕ್ಕೆ ಕೊಡುವ ಕ್ವಿನೈನನ್ನಂತೂ ಸೆಳೆತಕ್ಕೆ ಒಳ್ಳೆಯದು ಅಂತ ಯಾರೋ ಹೇಳಿದರೆ ನುಂಗಬೇಡಿ, ಅದು ರಕ್ತಕ್ಕೂ ಹೃದಯಕ್ಕೂ ಅಪಾಯ ಮಾಡಬಹುದು. ಒಂದೇ ಕಾಲು ಊದಿ, ಕೆಂಪಾಗಿ, ಬಿಸಿಯಾಗಿ ನೋಯುತ್ತಿದ್ದರೆ ತಿಕ್ಕುತ್ತಾ ಕೂರಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಕೂಡಲೇ ಡಾಕ್ಟರ ಹತ್ತಿರ ಹೋಗಿ.

ಫೆಬ್ರವರಿಯಲ್ಲಿ ಅದೇ ಬೆಟ್ಟ ಮತ್ತೆ ಹತ್ತಿದೆ. ರಾತ್ರಿ ಒಂದು ಸಲ ಹಿಡಿಯಿತು. ಬೆರಳು ಎಳೆದುಕೊಂಡೆ, ಬಿಟ್ಟಿತು. ಹೆಂಡತಿಗೆ ಎಚ್ಚರವೂ ಆಗಲಿಲ್ಲ.