ದಾಲ್ ಮಿಲ್ ಬ್ಲೋವರ್ ನಡಗಾಕತ್ತಿದ್ರ ಮೀಟರ್ ಹಚ್ಚಿ ಹೆಂಗ ನೋಡೋದು

ನಮ್ಮ ಕಲಬುರಗಿ ಕಡೆ ತೊಗರಿ ಸೀಜನ್ ಸುರು ಆತಂದ್ರ ಮಿಲ್‌ನಾಗಿನ ಬ್ಲೋವರ್‌ಗೆ (ಗಾಳಿ ಊದೋ ಫ್ಯಾನ್) ಹಗಲಿಲ್ಲ ರಾತ್ರಿ ಇಲ್ಲ, ಬೇರಿಂಗ್ ಕೈ ಕೊಡೋದೂ ಆವಾಗೇ. ಹಳೇ ಮಿಸ್ತ್ರಿಗಳು ಸ್ಕ್ರೂಡ್ರೈವರ್ ತುದಿ ಪ್ಲಮ್ಮರ್ ಬ್ಲಾಕಿಗೆ, ಅಂದ್ರ ಬೇರಿಂಗ್ ಕೂಡೋ ಕಬ್ಬಿಣದ ಮನಿಗೆ, ಹಚ್ಚಿ ಹಿಡಿಕಿ ಕಿವಿಗೆ ಇಟ್ಕೊಂಡು ಹೇಳಿಬಿಡ್ತಾರ, ಖರೇನೂ ಇರ್ತದ, ಆದ್ರ ಕಿವಿಗೆ ಕೇಳೋ ಹೊತ್ತಿಗೆ ಬೇರಿಂಗ್ ಭಾಳ ತಿಂದಿರ್ತದ.

ನಡುಕ ಅಳೆಯೋ ವೈಬ್ರೇಷನ್ ಮೀಟರ್ ತಂದ ಮ್ಯಾಲ ಮೊದಲ ಕೆಲಸ, ಪ್ರತಿ ಬೇರಿಂಗ್ ಮ್ಯಾಲ ಪೇಂಟ್ ಚುಕ್ಕಿ ಇಡೋದು: ಮ್ಯಾಲಿಂದ ಒಂದು, ಬಾಜೂಕ ಒಂದು, ಶಾಫ್ಟ್ ಉದ್ದಕ್ಕ ಒಂದು. ವಾರಕ್ಕೊಮ್ಮೆ ಅದೇ ಚುಕ್ಕಿ, ಅದೇ ಲೋಡ್. ಇವತ್ತು ಖಾಲಿ ಓಡಿಸಿ ನಾಳೆ ಮಾಲ್ ಹಾಕಿ ನೋಡಿದ್ರ ಆ ಲೆಕ್ಕ ನೀರಾಗ ಹೋಮ. ರೀಡಿಂಗ್ ಮಿಲಿಮೀಟರ್ ಪರ್ ಸೆಕೆಂಡ್ ಆರ್‌ಎಂಎಸ್‌ನಾಗ (ನಡುಕದ ವೇಗದ ಒಂದು ನಮೂನಿ ಸರಾಸರಿ) ಬರಕೊಳ್ರಿ. ನಡುಕದ ಲಿಮಿಟ್ ಹೇಳೋ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಐಎಸ್‌ಒ 10816-3 (2022ರಾಗ ಇದರ ಜಾಗಕ್ಕ ಐಎಸ್‌ಒ 20816-3 ಬಂತು) ಪ್ರಕಾರ 15 ಕಿಲೋವ್ಯಾಟ್, ಅಂದ್ರ 20 ಎಚ್‌ಪಿ ಮೋಟರ್‌ನಿಂದ 300 ಕಿಲೋವ್ಯಾಟ್ ತನಕ, ಗಟ್ಟಿ ಕಾಂಕ್ರೀಟ್ ಮ್ಯಾಲ ಕುಂತಿದ್ರ 2.8 ದಾಟಿದ್ರ ರಿಪೇರಿ ಪ್ಲಾನ್ ಮಾಡ್ರಿ, 4.5 ದಾಟಿದ್ರ ಓಡಿಸಬ್ಯಾಡ್ರಿ. ನನಗ ಕೇಳಿದ್ರ ಲಿಮಿಟ್‌ಗಿಂತ ನಿಮ್ಮ ನೋಟ್‌ಬುಕ್ಕೇ ದೊಡ್ಡದು, 1.2 ಇದ್ದದ್ದು ತಿಂಗಳದಾಗ 2.4 ಆದ್ರ ಲಿಮಿಟ್ ಒಳಗೇ ಅದ ಅಂತ ಸುಮ್ನ ಕೂಡಬಾರದು.

ಸ್ಪೆಕ್ಟ್ರಮ್, ಅಂದ್ರ ಯಾವ ಫ್ರೀಕ್ವೆನ್ಸಿಗೆ ಎಷ್ಟು ನಡುಕ ಅದ ಅನ್ನೋ ಗ್ರಾಫ್, ತೋರಿಸೋ ಮೀಟರ್ ಇದ್ರ ಇನ್ನೂ ಛಲೋ. ಮೋಟರ್ 1440 ಆರ್‌ಪಿಎಂ ಅಂದ್ರ 60ರಿಂದ ಭಾಗಿಸಿ 24 ಹರ್ಟ್ಸ್. ಬೆಲ್ಟ್ ಮ್ಯಾಲ ಫ್ಯಾನ್ 1800 ತಿರಗ್ತಿದ್ರ ಅದರದು 30. ಪೀಕ್ 30ಕ್ಕ ಬಂದ್ರ ಮೋಟರ್ ಬಿಚ್ಚಬ್ಯಾಡ್ರಿ, ತಪ್ಪು ಫ್ಯಾನಿಂದು, ಹೆಚ್ಚಾಗಿ ಅನ್‌ಬ್ಯಾಲೆನ್ಸ್, ಅಂದ್ರ ಒಂದು ಕಡೆ ತೂಕ ಜಾಸ್ತಿ. ನಾ ಒಮ್ಮೆ ಬ್ಯಾಲೆನ್ಸಿಂಗ್‌ನವರನ್ನ ಕರೆಸಿ ರೊಕ್ಕ ಕೊಟ್ಟೆ, ನೋಡಿದ್ರ ಬ್ಲೇಡಿಗೆ ಹೊಟ್ಟು ಧೂಳಿ ಗಟ್ಟಿಯಾಗಿ ಹತ್ತಿತ್ತು ಅಷ್ಟೇ! ಅದಕ್ಕ ಮೊದಲ ಮೇನ್ ಸ್ವಿಚ್ ಬಂದ್ ಮಾಡಿ ಕೀಲಿ ಹಾಕಿ ಬ್ಲೇಡ್ ಕೆರೆದು ತೊಳೀರಿ, ಆಮ್ಯಾಲ ಇನ್ನೊಮ್ಮೆ ರೀಡಿಂಗ್. ಬೆಲ್ಟ್ ಬದಲಿ ಎರಡು ಶಾಫ್ಟ್ ನೇರ ಜೋಡಿಸೋ ಕಪ್ಲಿಂಗ್ ಇರೋ ಮಷಿನ್‌ನಾಗ ಸ್ಪೀಡಿನ ಎರಡು ಪಟ್ಟಿಗೆ ಪೀಕ್ ಬಂದು ಶಾಫ್ಟ್ ಉದ್ದಕ್ಕೂ ಜಾಸ್ತಿ ಇದ್ರ ಅಲೈನ್‌ಮೆಂಟ್ (ಎರಡೂ ಶಾಫ್ಟ್ ಒಂದೇ ಗೆರೀಗೆ ಇರೋದು) ಮ್ಯಾಲ ಡೌಟ್ ಇಡ್ರಿ. ಸ್ಪೀಡಿನ ಎರಡು, ಮೂರು, ನಾಕು ಪಟ್ಟಿಗೆ ಹಿಂಗ ಸಾಲಾಗಿ ಭಾಳ ಪೀಕ್ ಬಂದ್ರ ಫೌಂಡೇಷನ್ ಬೋಲ್ಟ್ ನೋಡ್ರಿ.

ಬೇರಿಂಗ್ ಮಾತ್ರ ಬ್ಯಾರೇ ಲೆಕ್ಕ, ಅದರ ತಪ್ಪು ಸುರುವಾತಿಗೆ ಈ ಮಿಲಿಮೀಟರ್ ಪರ್ ಸೆಕೆಂಡ್ ರೀಡಿಂಗ್‌ನಾಗ ಕಾಣೋದೇ ಇಲ್ಲ, ಹೈ ಫ್ರೀಕ್ವೆನ್ಸಿ ‘ಜಿ’ ರೀಡಿಂಗ್ (ನಡುಕದ ವೇಗೋತ್ಕರ್ಷ, ಅಂದ್ರ ಆಕ್ಸಿಲರೇಷನ್) ನೋಡಬೇಕು. ಗ್ರೀಸ್ ಹಾಕಿದ್ಮ್ಯಾಲ ಜಿ ಇಳಿದು ನಾಕೈದು ದಿನದಾಗ ಮತ್ತ ಏರಿತಂದ್ರ ಹೊಸ ಬೇರಿಂಗ್ ತರಿಸಿ ಇಟ್ಕೊಳ್ರಿ.